ಎಪ್ಪತ್ತೊಂದು ಪೌಂಡಿನ ವಾಹನ

ಓಸ್ಲರ್ ಕೌಂಟಿಯ ವಾಹನ ನೋಂದಣಿ ಕಚೇರಿಯಲ್ಲಿ ಐದು ಕಿಟಕಿಗಳಿವೆ. ಮೂರನೆಯದು ಮೋಟಾರು ವಾಹನಗಳಿಗೆ, ನಾಲ್ಕನೆಯದು ದೋಣಿಗಳಿಗೆ. ನಾಲ್ಕನೆಯ ಕಿಟಕಿಯ ಹಿಂದೆ ಹದಿನೇಳು ವರ್ಷಗಳಿಂದ ಕೂತಿರುವವನು ನಾನು. ಈ ಕೆಳಗಿನ ಸಂಗತಿಗಳು ಮೂರನೆಯ ಕಿಟಕಿಯಲ್ಲಿ ಆರಂಭವಾಗಿ, ಎಲ್ಲ ನಿಯಮಗಳಿಗೂ ಅನುಸಾರವಾಗಿ ಮುಂದುವರಿದವು. ದೋಣಿಗಳಿಗೆ ಜನ ಬರುವುದು ವರ್ಷದಲ್ಲಿ ಮೂರೇ ತಿಂಗಳಾದ್ದರಿಂದ ಅವನ್ನೆಲ್ಲ ಪೂರ್ತಿಯಾಗಿ ಕೇಳಿಸಿಕೊಳ್ಳಲು ನನಗೆ ಸಮಯವಿತ್ತು.

ಮಾರ್ಚ್ ಹನ್ನೆರಡರಂದು ಲವಾನ್ ಟಿಬೆಟ್ಸ್ ಎಂಬ ಐವತ್ತಾರು ವರ್ಷದ ಹೆಂಗಸು ನದಿಯಾಚೆಯ ರಾಜ್ಯದಿಂದ ಸೇತುವೆ ದಾಟಿ ನಮ್ಮ ರಾಜ್ಯಕ್ಕೆ ಬಂದು ನೆಲೆಸಿದಳು. ಶಾಲೆಯ ಹಳದಿ ಬಸ್ಸುಗಳನ್ನು ರಿಪೇರಿ ಮಾಡುವ ಕೆಲಸ ಅವಳಿಗೆ ಇಲ್ಲಿ ಸಿಕ್ಕಿತ್ತು. ಜೊತೆಗೆ ಬಂದದ್ದು ಗಂಡ ಆರಿನ್, ಮತ್ತು ಒಂದು ಟ್ರೇಲರಿನ ಮೇಲೆ 1961ರ ಹಾಲೊವೇ ವ್ಯಾಗನ್. ಹಾಲೊವೇ ಕಂಪನಿ ಮುಚ್ಚಿಹೋಗಿ ಬಹಳ ಕಾಲವಾಗಿದೆ. ಹನ್ನೊಂದು ವರ್ಷದ ಹಿಂದೆ ಲವಾನ್ ಆ ಗಾಡಿಯನ್ನು ಒಬ್ಬ ರೈತನಿಂದ ಕೊಂಡಾಗ ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಅಂದಿನಿಂದ ಪ್ರತಿ ಶನಿವಾರ, ಭಾನುವಾರ ಅವಳು ಗಾಡಿಯ ಅಡಿಯಲ್ಲಿ ಮಲಗಿರುತ್ತಿದ್ದಳು. ಆರಿನ್ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ರಿಪೇರಿ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ. ಗಂಡಹೆಂಡಿರ ನಡುವೆ ಬೇರೆ ಮಾತುಕತೆ ಕಡಿಮೆ. ಆ ಪುಸ್ತಕಕ್ಕೆ ಮುನ್ನೂರ ನಲವತ್ತು ಪುಟಗಳಿಲ್ಲದಿದ್ದರೆ ತಾವು ಎಂದೋ ಬೇರೆಯಾಗಿರುತ್ತಿದ್ದೆವು ಎಂದು ಆರಿನ್ ನನಗೆ ಹೇಳಿದ್ದಾನೆ.

ರಾಜ್ಯ ಬದಲಿಸಿದವರು ಮೂವತ್ತು ದಿನಗಳೊಳಗೆ ವಾಹನವನ್ನು ಹೊಸದಾಗಿ ನೋಂದಾಯಿಸಬೇಕು. ನೋಂದಾಯಿಸದೆ ಅಂಗಳದಲ್ಲಿ ನಿಂತ ವಾಹನವನ್ನು ಪುರಸಭೆ ಕಸವೆಂದು ಪರಿಗಣಿಸಿ, ಜಜ್ಜುವ ಯಂತ್ರಕ್ಕೆ ಕಳಿಸುತ್ತದೆ. ಹತ್ತನೆಯ ದಿನವೇ ಪುರಸಭೆಯವರು ಬಂದು ವ್ಯಾಗನ್ನಿನ ಗಾಜಿಗೆ ಕಿತ್ತಳೆ ಬಣ್ಣದ ಚೀಟಿ ಅಂಟಿಸಿದರು. ಮಾರನೆಯ ದಿನ ಲವಾನ್ ಮೂರನೆಯ ಕಿಟಕಿಗೆ ಬಂದಳು.

ಆ ಕಿಟಕಿಯಲ್ಲಿ ಕೂರುವವರು ಮಿಸೆಸ್ ಕ್ರಾಟ್ಸ್. ಅವರು ಹಳೆಯ ರಾಜ್ಯದ ಕಾಗದವನ್ನು ಎರಡು ಸಲ ಓದಿದರು.

"ಇದರಲ್ಲಿ 'ಕೆಲಸ ನಡೆಯುತ್ತಿರುವ ವಾಹನ' ಅಂತ ಬರೆದಿದ್ದಾರಲ್ಲಮ್ಮ."

"ಹೌದು. ಕೆಲಸ ನಡೀತಾ ಇದೆ."

"ನಮ್ಮಲ್ಲಿ ಹಾಗೆ ಒಂದು ಬಗೆ ಇಲ್ಲ. ವಾಹನ ಇದೆ, ಕಸ ಇದೆ. ನಿಮ್ಮದು ಯಾವುದು?"

"ವಾಹನ."

"ಓಡುತ್ತಾ?"

"ಎಂಜಿನ್ ಶುರುವಾಗತ್ತೆ. ಗೇರ್‌ಬಾಕ್ಸ್ ಅಡಿಗೆಮನೆ ಮೇಜಿನ ಮೇಲಿದೆ."

ಮಿಸೆಸ್ ಕ್ರಾಟ್ಸ್ ಪೆನ್ನು ಕೆಳಗಿಟ್ಟರು. ತಪಾಸಣೆಗೆ ವಾಹನವನ್ನು ಕಚೇರಿಗೇ ತರಬೇಕು. ಟ್ರೇಲರಿನ ಮೇಲೆ ತಂದರೆ ಅದು ಸರಕು, ವಾಹನವಲ್ಲ. ಓಡಿಸಿಕೊಂಡು ತರಲು ನಂಬರ್ ಪ್ಲೇಟ್ ಬೇಕು, ನಂಬರ್ ಪ್ಲೇಟ್ ಸಿಗಲು ತಪಾಸಣೆ ಆಗಬೇಕು. ಇದನ್ನೆಲ್ಲ ಅವರು ಬೇಸರವಿಲ್ಲದೆ ವಿವರಿಸಿದರು. ಲವಾನ್ ಕೂಡ ಬೇಸರವಿಲ್ಲದೆ ಕೇಳಿದಳು. ಹಳೆಯ ಬಸ್ಸುಗಳ ಜೊತೆ ಬದುಕಿದವಳು ಅವಳು, ಸಿಕ್ಕಿಕೊಂಡ ಮೊಳೆಯನ್ನು ಎಳೆದಾಡುವುದಿಲ್ಲ.

"ತಪಾಸಣೆಯಲ್ಲಿ ನೀವು ನಿಜವಾಗಿ ನೋಡೋದು ಏನನ್ನ?" ಎಂದು ಕೇಳಿದಳು.

"ಕಾರ್ಖಾನೆಯವರು ಹಾಕಿದ ನಂಬರನ್ನ. ತಗಡಿನ ಮೇಲಿನ ನಂಬರೂ ಕಾಗದದ ನಂಬರೂ ಒಂದೇನಾ ಅಂತ."

"ಅಷ್ಟೇನಾ?"

"ಮಿಕ್ಕಿದ್ದೆಲ್ಲ ಅದರ ಜೊತೆಗೆ ಬರತ್ತೆ."

ನಂಬರಿನ ತಗಡು ಇದ್ದದ್ದು ಚಾಲಕನ ಬಾಗಿಲಿನ ಮೇಲೆ. ಏಪ್ರಿಲ್ ಎಂಟರಂದು ಲವಾನ್ ಆ ಬಾಗಿಲನ್ನು ಬಿಚ್ಚಿ, ಕಂಬಳಿಯಲ್ಲಿ ಸುತ್ತಿ ಕಚೇರಿಗೆ ತಂದಳು. ಒಂದು ತುದಿ ಅವಳು ಹಿಡಿದಿದ್ದಳು, ಇನ್ನೊಂದು ತುದಿ ಆರಿನ್. ಹಸಿರು ಬಾಗಿಲು. ಅದರ ಹಿಡಿಕೆಯನ್ನು ಅವಳು ಹೇಗೆ ತಿಕ್ಕಿದ್ದಳೆಂದರೆ ನಮ್ಮ ಕಚೇರಿಯ ದೀಪಗಳು ಅದರಲ್ಲಿ ಕಂಡಷ್ಟು ಚೆನ್ನಾಗಿ ಎಂದೂ ಕಂಡಿರಲಿಲ್ಲ.

ಮಿಸೆಸ್ ಕ್ರಾಟ್ಸ್ ನಂಬರು ನೋಡಿದರು. ಸರಿಯಿತ್ತು. ಆಮೇಲೆ ನಿಯಮಾವಳಿಯನ್ನು ತೆಗೆದು ನೋಡಿದರು. ನಿಯಮ ಹದಿನಾಲ್ಕರ ಎರಡನೆಯ ಭಾಗ: "ವಾಹನವೆಂದರೆ ತಯಾರಕರ ನಂಬರನ್ನು ಧರಿಸಿರುವ ವಸ್ತು." ಇದನ್ನು ಓದಿ ಅವರು ಒಳಗೆ ಹೋಗಿ ನೋಂದಣಾಧಿಕಾರಿ ಹಾರ್ಗಿಸ್ ಅವರನ್ನು ಕರೆತಂದರು.

ಹಾರ್ಗಿಸ್ ಬಾಗಿಲನ್ನು ಸುತ್ತು ಹಾಕಿ ನೋಡಿದರು. ಆ ವರ್ಷದ ನೋಂದಣಿಗಳು ಗುರಿಗಿಂತ ಹಿಂದೆ ಬಿದ್ದಿದ್ದವೆಂಬುದು ಅವರಿಗೆ ನೆನಪಿತ್ತು.

"ಇದನ್ನ ಹೇಗೆ ತಂದಿರಿ?"

"ಹೊತ್ಕೊಂಡು," ಎಂದಳು ಲವಾನ್.

"ಟ್ರೇಲರಿನ ಮೇಲೆ ಅಲ್ವಲ್ಲ?"

"ಅಲ್ಲ ಸಾರ್."

"ಹಾಗಾದ್ರೆ ತಪಾಸಣೆ ಮಾಡಿ," ಎಂದರು ಹಾರ್ಗಿಸ್.

ಹೊಗೆ ಅಳೆಯುವ ಯಂತ್ರದ ಕೊಳವೆಯನ್ನು ಬಾಗಿಲಿನ ಹತ್ತಿರ ಐದು ನಿಮಿಷ ಹಿಡಿಯಲಾಯಿತು. ಫಲಿತಾಂಶ ಸೊನ್ನೆ ಬಂತು. ಕೌಂಟಿಯ ಇತಿಹಾಸದಲ್ಲಿ ಇಷ್ಟು ಒಳ್ಳೆಯ ಫಲಿತಾಂಶ ಬಂದಿರಲಿಲ್ಲವಾದ್ದರಿಂದ ಹಾರ್ಗಿಸ್ ಅದರ ಒಂದು ನಕಲನ್ನು ತಮ್ಮ ಕೋಣೆಗೆ ತೆಗೆದುಕೊಂಡರು. ಬ್ರೇಕ್ ಪರೀಕ್ಷೆಗಾಗಿ ಬಾಗಿಲನ್ನು ಗೋಡೆಗೆ ಒರಗಿಸಿ ತಳ್ಳಿದಾಗ ಅದು ಅಲ್ಲಾಡಲಿಲ್ಲ. ಪಟ್ಟಿಯಲ್ಲಿ ಹಾರ್ನ್ ಎಂದಿದ್ದ ಕಡೆ ಬಂದಾಗ ಆರಿನ್ ಬಾಗಿಲನ್ನು ಬೆರಳಿನಿಂದ ತಟ್ಟಿ ತೋರಿಸಿದ. ತೂಕ: ಎಪ್ಪತ್ತೊಂದು ಪೌಂಡು. ಸೀಟುಗಳು: ಇಲ್ಲ. ಚಕ್ರಗಳು: ಇಲ್ಲ. ಬಣ್ಣ: ಹಸಿರು. ಮಿಸೆಸ್ ಕ್ರಾಟ್ಸ್ ಮುದ್ರೆ ಒತ್ತಿ, ಹೊಸ ನಂಬರ್ ಪ್ಲೇಟನ್ನು ಎರಡೂ ಕೈಯಲ್ಲಿ ಕೊಟ್ಟರು.

"ನಮ್ಮ ರಾಜ್ಯಕ್ಕೆ ಸ್ವಾಗತ," ಎಂದರು ಬಾಗಿಲಿನ ಕಡೆ ನೋಡಿ.

ಮೂವತ್ತನೆಯ ದಿನ ಪುರಸಭೆಯ ಲಾರಿ ಬಂತು. ಲವಾನ್ ಆ ಹೊತ್ತಿಗೆ ವ್ಯಾಗನ್ನಿನೊಳಗೆ ಚಾಲಕನ ಜಾಗದಲ್ಲಿ ಕೂತಿದ್ದಳು. ಅವಳ ಕೈಗಳು ಸ್ಟಿಯರಿಂಗ್ ಮೇಲಿದ್ದವು. ಅವಳು ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು ಎಂದು ಆರಿನ್ ಆಮೇಲೆ ಹೇಳಿದ. ಹೊರಬಾಗಿಲಲ್ಲಿ ನಂಬರ್ ಪ್ಲೇಟ್ ಹಾಕಿದ ಹಸಿರು ಬಾಗಿಲನ್ನು ಒರಗಿಸಿಕೊಂಡು ಆರಿನ್ ನಿಂತಿದ್ದ.

"ವಾಹನ ಇಲ್ಲಿದೆ. ನೋಂದಣಿ ಆಗಿದೆ," ಎಂದ.

ಪುರಸಭೆಯವನು ಕಾಗದ ಓದಿದ. "ಸರಿ. ಹಾಗಾದ್ರೆ ಅದು ಏನು?" ಎಂದು ವ್ಯಾಗನ್ನನ್ನು ತೋರಿಸಿದ.

"ಅದು ಇದರ ಸಾಮಾನು."

"ಇಷ್ಟೊಂದಾ?"

"ಹಳೇ ಗಾಡಿ ನೋಡಿ. ಸಾಮಾನು ಜಾಸ್ತಿ."

ನೋಂದಾಯಿತ ವಾಹನದ ಸಾಮಾನನ್ನು ಅಂಗಳದಲ್ಲಿ ಇಟ್ಟುಕೊಳ್ಳಬಾರದೆಂಬ ನಿಯಮ ಪುರಸಭೆಯಲ್ಲಿ ಇರಲಿಲ್ಲ. ಅವನು ಕಿತ್ತಳೆ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಗಾಜಿನ ಮೇಲೆ ಅಂಟು ಉಳಿದದ್ದಕ್ಕೆ ಕ್ಷಮೆಯನ್ನೂ ಕೇಳಿದ.

ಜುಲೈ ಕೊನೆಗೆ ಗೇರ್‌ಬಾಕ್ಸ್ ಅಡಿಗೆಮನೆಯಿಂದ ಗಾಡಿಗೆ ಹೋಯಿತು. ಲವಾನ್ ಬಾಗಿಲನ್ನು ಮೊದಲಿನ ಜಾಗಕ್ಕೆ ಕೂರಿಸಿ, ಆರಿನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಹನ್ನೊಂದು ವರ್ಷ ಅಡಿಯಲ್ಲಿ ಮಲಗಿ ನೋಡಿದ ಗಾಡಿ ಮೊದಲ ಸಲ ಅವಳನ್ನು ಹೊತ್ತುಕೊಂಡು ಹೋಗುತ್ತಿತ್ತು. ವೇಗದ ಕಡೆ ಅವಳ ಗಮನ ಇರಲಿಲ್ಲ. ಮೂವತ್ತೈದು ಮೈಲಿ ವೇಗಮಿತಿಯ ರಸ್ತೆಯಲ್ಲಿ ಐವತ್ತೆರಡರಲ್ಲಿ ಹೋಗುತ್ತಿದ್ದಾಗ ಶೆರಿಫ್ ಕಚೇರಿಯ ಪೊಲೀಸ ಪರ್ಸೆಲ್ ಅವಳನ್ನು ನಿಲ್ಲಿಸಿದ. ನಂಬರನ್ನು ತನ್ನ ಕಂಪ್ಯೂಟರಿಗೆ ಹಾಕಿ, ಬಂದ ಉತ್ತರವನ್ನು ಬಹಳ ಹೊತ್ತು ನೋಡಿದ.

"ಮೇಡಂ, ನಿಮ್ಮ ಬಾಗಿಲು ಐವತ್ತೆರಡು ಮೈಲಿ ವೇಗದಲ್ಲಿ ಹೋಗ್ತಾ ಇತ್ತು."

"ನನಗೂ ಆಶ್ಚರ್ಯ ಆಯ್ತು," ಎಂದಳು ಲವಾನ್.

"ಇದಕ್ಕೆ ಎಂಜಿನ್ ಇಲ್ಲ ಅಂತ ತೋರಿಸ್ತಾ ಇದೆ."

"ಬಾಗಿಲಿಗೆಲ್ಲಿ ಎಂಜಿನ್ ಇರತ್ತೆ ಪರ್ಸೆಲ್," ಎಂದು ಆರಿನ್ ಪಕ್ಕದಿಂದ ಹೇಳಿದ. "ಹೊಸ ಗಾಡಿಗಳಲ್ಲೂ ಇರಲ್ಲ."

ನ್ಯಾಯಾಲಯವು ವಾಹನದ ನೋಂದಣಿಯನ್ನು ಮೂವತ್ತು ದಿನ ಅಮಾನತಿನಲ್ಲಿಟ್ಟು, ವಾಹನವನ್ನು ಕಚೇರಿಗೆ ಒಪ್ಪಿಸಬೇಕೆಂದು ಹೇಳಿತು. ಲವಾನ್ ನಮ್ಮ ಕಚೇರಿಯ ಮುಂದೆ ಗಾಡಿ ನಿಲ್ಲಿಸಿ, ಕಬ್ಬಿಣದ ಕೀಲುಗಳನ್ನು ಬಿಚ್ಚಿ, ಬಾಗಿಲನ್ನು ಒಪ್ಪಿಸಿ, ರಸೀದಿ ಪಡೆದಳು. ಮೂರನೆಯ ಕಿಟಕಿಯಲ್ಲಿ ಜಾಗ ಇಲ್ಲದ್ದರಿಂದ ಅದನ್ನು ನನ್ನ ಹಿಂದೆ ದೋಣಿಯ ಹುಟ್ಟುಗಳ ಜೊತೆ ಒರಗಿಸಲಾಯಿತು. ಆಮೇಲೆ ಅವಳು ಬಾಗಿಲಿಲ್ಲದ ಗಾಡಿಯಲ್ಲಿ ಕೂತು ಮನೆಗೆ ಹೋದಳು. ಪರ್ಸೆಲ್ ಸ್ವಲ್ಪ ದೂರ ಹಿಂಬಾಲಿಸಿ, ನಿಲ್ಲಿಸಬೇಕೋ ಬೇಡವೋ ತಿಳಿಯದೆ ಹಾರ್ಗಿಸ್ ಅವರಿಗೆ ಫೋನ್ ಮಾಡಿದ. ಹಾರ್ಗಿಸ್ ನನ್ನ ಪಕ್ಕದಲ್ಲೇ ನಿಂತು ಮಾತಾಡಿದರು.

"ನಂಬರ್ ಇದೆಯಾ ಅದಕ್ಕೆ? ಇಲ್ವಾ? ಹಾಗಾದ್ರೆ ಅದು ವಾಹನ ಅಲ್ಲ ಕಣಪ್ಪ. ಸಾಮಾನು. ವಾಹನ ನಮ್ಮ ಹತ್ರ ಇದೆ, ಇಲ್ಲೇ ಒರಗಿಸಿದ್ದೀವಿ. ಅಮಾನತಿನಲ್ಲಿದೆ. ಸಾಮಾನು ತಾನಾಗಿ ಹೋಗ್ತಾ ಇದೆಯಾ? ಹೋಗ್ಲಿ ಬಿಡು. ಸಾಮಾನಿಗೆ ವೇಗದ ಮಿತಿ ಇಲ್ಲ."

ಪರ್ಸೆಲ್ ಅಲ್ಲಿಂದ ತಿರುಗಿಸಿಕೊಂಡು ಹೋಟೆಲಿಗೆ ಹೋಗಿ ಒಂದು ತುಂಡು ಪೈ ತಿಂದ. ಜೊತೆಗೆ ಕೂತವರಿಗೆ ಈ ಸಂಗತಿಯನ್ನೂ ಹೇಳಿದ.

ಮಾರನೆಯ ವಾರ ಮೂವರು ಬಾಗಿಲು ತಂದರು. ಹೊಸ ಗಾಡಿಗಳ ನಂಬರು ಮುಂದಿನ ಗಾಜಿನ ಕೆಳಗೂ ಇರುತ್ತದೆ, ಚಾಲಕನ ಬಾಗಿಲಿನ ಅಂಚಿನಲ್ಲೂ ಇರುತ್ತದೆ. ಗಾಜಿನ ಕೆಳಗಿನದು ನಕಲು, ಬಾಗಿಲಿನದು ಅಸಲು ಎಂದು ಹಾರ್ಗಿಸ್ ತೀರ್ಮಾನಿಸಿದರು. ಬಾಗಿಲನ್ನು ಕಚೇರಿಗೆ ಒಪ್ಪಿಸಿದವರಿಗೆ ಪಾರ್ಕಿಂಗ್ ದಂಡ ಇರಲಿಲ್ಲ, ವೇಗದ ದಂಡ ಇರಲಿಲ್ಲ, ಹೊಗೆ ಪರೀಕ್ಷೆಯಲ್ಲಿ ಎಲ್ಲರಿಗೂ ಸೊನ್ನೆ. ಸೆಪ್ಟೆಂಬರಿನಲ್ಲಿ ಸಾಲು ರಸ್ತೆಯವರೆಗೆ ಬಂತು. ನನ್ನ ಬೆನ್ನ ಹಿಂದೆ ಜಾಗ ತೀರಿದಾಗ ಹಾರ್ಗಿಸ್ ಅವರ ಭಾವಮೈದುನನ ಖಾಲಿ ಟರ್ಕಿಕೋಳಿ ಶೆಡ್ಡನ್ನು ಬಾಡಿಗೆಗೆ ತೆಗೆದುಕೊಳ್ಳಲಾಯಿತು. ಆ ಶೆಡ್ ಒಂಬತ್ತು ವರ್ಷದಿಂದ ಖಾಲಿ ಬಿದ್ದಿತ್ತು. ಬಾಡಿಗೆ ಎಷ್ಟಿರಬೇಕೆಂಬುದನ್ನು ಹಾರ್ಗಿಸ್ ಅವರೂ ಭಾವಮೈದುನನೂ ಒಂದು ಭಾನುವಾರ ಊಟಕ್ಕೆ ಕೂತು ಕಟ್ಟುನಿಟ್ಟಾಗಿ ಚರ್ಚಿಸಿದರು. ಕಚೇರಿಯ ಗೋಡೆಗೆ ಪ್ರಕಟಣೆ ಬಿತ್ತು:

"ಸಾರ್ವಜನಿಕರು ತಮ್ಮ ವಾಹನಗಳನ್ನು ಶೆಡ್ಡಿನಲ್ಲಿ ಇಟ್ಟ ಮೇಲೆ ಉಳಿದ ಸಾಮಾನಿನಲ್ಲಿ ಕುಳಿತು ಶಾಂತವಾಗಿ ಮನೆಗೆ ತೆರಳತಕ್ಕದ್ದು. ವಾಹನವನ್ನು ನೋಡಲು ಇಚ್ಛಿಸುವವರು ಬುಧವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬರಬಹುದು. ವಾಹನಗಳನ್ನು ಸುಮ್ಮಸುಮ್ಮನೆ ತೆರೆದು ಮುಚ್ಚಬಾರದು."

ಲವಾನ್‌ಳ ಅಮಾನತು ಆ ಹೊತ್ತಿಗೆ ಮುಗಿದಿತ್ತು. ಅವಳು ಬಂದು ಬಾಗಿಲನ್ನು ವಾಪಸು ಕೇಳಿದಳು.

"ಯಾಕಮ್ಮ?" ಎಂದರು ಮಿಸೆಸ್ ಕ್ರಾಟ್ಸ್. ಅವರ ದನಿಯಲ್ಲಿ ನಿಜವಾದ ಕಳವಳ ಇತ್ತು.

"ಅದು ಮುಚ್ಚುವಾಗ ಒಂದು ಸದ್ದು ಬರತ್ತೆ," ಎಂದಳು ಲವಾನ್. "ಅದನ್ನ ಸರಿ ಮಾಡೋಕೆ ನನಗೆ ಒಂದೂವರೆ ವರ್ಷ ಹಿಡೀತು. ನನಗೆ ಬಾಗಿಲು ಇರೋ ಗಾಡಿ ಬೇಕು."

ಬಾಗಿಲು ಕೊಟ್ಟರು. ಅಕ್ಟೋಬರಿನಲ್ಲಿ ಓಸ್ಲರ್ ಕೌಂಟಿಯ ರಸ್ತೆಗಳಲ್ಲಿ ಚಾಲಕನ ಬಾಗಿಲಿದ್ದ ಗಾಡಿ ಅದೊಂದೇ. ಅಂದರೆ ಕಾನೂನಿನ ಪ್ರಕಾರ ಇಡೀ ಕೌಂಟಿಯಲ್ಲಿ ಓಡುತ್ತಿದ್ದ ವಾಹನ ಅದೊಂದೇ. ಶೆರಿಫ್ ಕಚೇರಿಯಲ್ಲಿ ಹನ್ನೊಂದು ಮಂದಿ ಇದ್ದರು, ಅವರಿಗೆ ನಿಲ್ಲಿಸಲು ಬೇರೆ ವಾಹನ ಸಿಗುತ್ತಿರಲಿಲ್ಲ. ಒಂದೇ ದಿನ ನಾಲ್ಕು ಸಲ ಅವಳನ್ನು ನಿಲ್ಲಿಸಿದ್ದುಂಟು. ತಿರುವಿನಲ್ಲಿ ದೀಪ ತಡವಾಗಿ ಹಾಕಿದ್ದಕ್ಕೆ ಒಮ್ಮೆ, ಬೇಗ ಹಾಕಿದ್ದಕ್ಕೆ ಇನ್ನೊಮ್ಮೆ.

"ಬೇಜಾರು ಮಾಡ್ಕೋಬೇಡಿ ಮೇಡಂ," ಎಂದ ಪರ್ಸೆಲ್ ಒಂದು ಸಂಜೆ, ದಂಡದ ಚೀಟಿ ಹರಿದು ಕೊಡುತ್ತ. "ನಮಗೂ ತಿಂಗಳಿಗೆ ಇಷ್ಟು ಅಂತ ಇದೆ. ಎಲ್ಲಾನೂ ನಿಮ್ಮ ಮೇಲೇ ಬೀಳ್ತಾ ಇದೆ."

ಅವನ ಹಿಂದೆ ಒಂದು ಬಾಗಿಲಿಲ್ಲದ ಪಿಕಪ್ಪು ಕೆಂಪು ದೀಪವನ್ನು ದಾಟಿ ಹೋಯಿತು. ಪರ್ಸೆಲ್ ಅದಕ್ಕೆ ದಾರಿ ಬಿಟ್ಟು ನಿಂತ.

"ಅದನ್ನ ನೋಡಲಿಲ್ವಾ?" ಎಂದಳು ಲವಾನ್.

"ನೋಡಿದೆ. ಸಾಮಾನು."

ಮನೆಗೆ ಬಂದು ಲವಾನ್ ಗಾಡಿಯಿಂದ ಇಳಿಯಲಿಲ್ಲ. ಆರಿನ್ ಹೊರಗೆ ಬಂದು ಕಿಟಕಿಯ ಹತ್ತಿರ ನಿಂತ.

"ಆಚೆ ರಾಜ್ಯಕ್ಕೆ ವಾಪಸ್ ಹೋಗೋಣ್ವಾ?" ಎಂದ.

"ಹೋದ್ರೆ ಮತ್ತೆ ಮೂವತ್ತು ದಿನ, ಮತ್ತೆ ನೋಂದಣಿ," ಎಂದಳು ಅವಳು. "ಅಲ್ಲಿ ಏನನ್ನ ವಾಹನ ಅಂತಾರೋ ಯಾರಿಗೆ ಗೊತ್ತು." ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿದಳು. ಮತ್ತೊಮ್ಮೆ ತೆರೆದು ಮುಚ್ಚಿದಳು. ಆರಿನ್ ಆ ಸದ್ದನ್ನು ಕೇಳಿಸಿಕೊಂಡ.

ಡಿಸೆಂಬರ್ ಹೊತ್ತಿಗೆ ಹಿಮ ಬಂತು. ಜನ ಕಂಬಳಿ ಹೊದ್ದು, ಕಿವಿಗೆ ಉಣ್ಣೆ ಕಟ್ಟಿಕೊಂಡು ಗಾಡಿ ಓಡಿಸುತ್ತಿದ್ದರು. ಚಾಲಕನ ಬಾಗಿಲ ಕಡೆಯ, ಅಂದರೆ ಎಡಗಡೆಯ, ಭುಜದ ಮೇಲೆ ಹಿಮ ಕೂತವರನ್ನು ಕಂಡರೆ ಈಗಷ್ಟೇ ಬಂದವರೆಂದು ತಿಳಿಯುತ್ತಿತ್ತು. ಜಾರಿ ಒಬ್ಬರಿಗೊಬ್ಬರು ಗುದ್ದಿಕೊಂಡವರೂ ಇದ್ದರು. ಆಸ್ಪತ್ರೆಯವರು ಅವರನ್ನು "ಸಾಮಾನು ಬಿದ್ದು ಗಾಯ" ಎಂಬ ಪಟ್ಟಿಗೆ ಸೇರಿಸಿದರು. ವಾಹನಗಳಿಗೆ ಏನೂ ಆಗಲಿಲ್ಲ, ಅವು ಟರ್ಕಿಕೋಳಿ ಶೆಡ್ಡಿನಲ್ಲಿ ಬೆಚ್ಚಗೆ ಸಾಲಾಗಿ ಒರಗಿದ್ದವು. ವರ್ಷದ ಕೊನೆಯಲ್ಲಿ ಒಂದೂ ವಾಹನ ಅಪಘಾತ ಇಲ್ಲದ, ಒಂದಿಷ್ಟೂ ಹೊಗೆ ಇಲ್ಲದ ಕೌಂಟಿಯೆಂದು ರಾಜಧಾನಿಯಿಂದ ಹಾರ್ಗಿಸ್ ಅವರಿಗೆ ಒಂದು ಫಲಕ ಬಂತು. ಅದನ್ನು ತಂದವನ ಎಡಗಿವಿ ನೀಲಿಗಟ್ಟಿತ್ತು.

ಅದೇ ದಿನ ಮಧ್ಯಾಹ್ನ ಲವಾನ್ ಮತ್ತು ಆರಿನ್ ಹಸಿರು ಬಾಗಿಲನ್ನು ಹೊತ್ತು ಮೂರನೆಯ ಕಿಟಕಿಗೆ ಬಂದರು. ಮಿಸೆಸ್ ಕ್ರಾಟ್ಸ್ ರಸೀದಿ ಬರೆದರು. ಶೆಡ್ಡಿನಲ್ಲಿ ಗಾಳಿ ಬೀಸದ ಮೂಲೆಯೊಂದನ್ನು ಹುಡುಕಿ ಕೊಡುವುದಾಗಿ ಹೇಳಿದರು.

"ಮುಚ್ಚುವಾಗ ಹುಷಾರಾಗಿ ಮುಚ್ಚಿ," ಎಂದಳು ಲವಾನ್.

"ಇಲ್ಲಿ ಯಾರೂ ಮುಚ್ಚಲ್ಲಮ್ಮ," ಎಂದರು ಮಿಸೆಸ್ ಕ್ರಾಟ್ಸ್. "ಮುಚ್ಚೋದಕ್ಕೆ ಏನೂ ಇಲ್ಲ."

ಗಂಡಹೆಂಡತಿ ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಲವಾನ್ ಸೀಟಿನ ಮೇಲಿನ ಹಿಮವನ್ನು ಕೈಯಿಂದ ಗುಡಿಸಿ ಕೂತಳು. ಆರಿನ್ ಅವಳ ಎಡಮೊಣಕಾಲಿನವರೆಗೆ ಕಂಬಳಿಯನ್ನು ಸಿಕ್ಕಿಸಿ, ಇನ್ನೊಂದು ಕಡೆಯಿಂದ ಹತ್ತಿ ಕೂತ. ಗಾಡಿ ಒಂದೇ ಸಲಕ್ಕೆ ಶುರುವಾಯಿತು. ಅವಳು ಒಳ್ಳೆಯ ಕೆಲಸಗಾತಿ.

ನನ್ನ ಬಾಗಿಲನ್ನು ನಾನು ಸೆಪ್ಟೆಂಬರಿನಲ್ಲೇ ಕೊಟ್ಟಿದ್ದೆ. ನನ್ನ ಮುಂದೆ ಹತ್ತೊಂಬತ್ತು ಜನ ಇದ್ದರು. ಸಾಲು ಬೇಗ ಬೇಗ ಸಾಗಿತು.