ಮಾನ್ಯ ಸಚಿವರ ಪರವಾಗಿ ನಾನು

ಪ್ರಶ್ನೆ ಎಂದರೆ ನನಗೆ ಮೊದಲಿನಿಂದಲೂ ಭಯ. ಐವತ್ತರ ಹತ್ತಿರ ಬಂದ ಮನುಷ್ಯ ಇದನ್ನು ಹೇಳಿಕೊಳ್ಳಬಾರದು, ಆದರೂ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ‘ಯಾವೂರಿಗೆ ಹೊಂಟ್ರಿ?’ ಎಂದರೆ ಸಾಕು, ನಾನು ಹತ್ತಿದ್ದು ಸರಿಯಾದ ಬಸ್ಸೇ ಎಂಬ ಅನುಮಾನ ಶುರುವಾಗುತ್ತದೆ. ಹೆಂಡತಿ ‘ಹಿತ್ತಲ ಬಾಗಲಿಗೆ ಚಿಲಕ ಹಾಕೀರೇನ್ರಿ?’ ಎಂದು ಕೇಳಿದರೆ, ಹಾಕಿದ್ದು ಚೆನ್ನಾಗಿ ನೆನಪಿದ್ದರೂ ಎದ್ದು ಹೋಗಿ, ಒಮ್ಮೆ ತೆಗೆದು, ಮತ್ತೆ ಹಾಕಿ, ಬಂದು ‘ಹಾಕೀನಿ’ ಎನ್ನುತ್ತೇನೆ. ಶಾಲೆಯಲ್ಲಿ ಮಾಸ್ತರರು ನನ್ನ ಹೆಸರು ಕೇಳಿದಾಗ ಪಕ್ಕದವನ ಮುಖ ನೋಡಿದ ಹುಡುಗ ನಾನು. ಇಂಥವನಿಗೆ ಸರ್ಕಾರ ಯಾವ ಕೆಲಸ ಕೊಟ್ಟಿತೆಂದರೆ, ಶಾಸಕರು ಮಂತ್ರಿಗಳಿಗೆ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆಯುವ ಕೆಲಸ.

ಮಂತ್ರಿಗಳನ್ನು ಕೇಳಿದ್ದಕ್ಕೆ ನೀನ್ಯಾಕೆ ಉತ್ತರ ಬರೀತೀಯ ಎಂದು ನೀವು ಕೇಳಬಹುದು. ನೋಡಿ, ನೀವೂ ಶುರು ಮಾಡಿದಿರಿ. ನಾನು ಪಶುಸಂಗೋಪನೆ ಇಲಾಖೆಯಲ್ಲಿ ಗುಮಾಸ್ತ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂರುಗಳ ಸುತ್ತಲೇ ನನ್ನ ಬದುಕು ಸುತ್ತಿದೆ. ಇದು ನಡೆದದ್ದು ಯಾವುದರಲ್ಲಿ ಎಂದು ಮಾತ್ರ ಹೇಳಲಾರೆ, ಇನ್ನೂ ನಿವೃತ್ತಿಯಾಗಿಲ್ಲ. ಶಾಸಕರು ಬರೆದುಕೊಟ್ಟ ಪ್ರಶ್ನೆ ಬೆಂಗಳೂರಿನಲ್ಲಿ ಮಂತ್ರಿಗಳ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಕಾರ್ಯದರ್ಶಿಗೆ, ಅವರಿಂದ ನಿರ್ದೇಶಕರಿಗೆ, ಅವರಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲೂ ‘ತುರ್ತು’ ಎಂಬ ಮುದ್ರೆ ಬೀಳುವುದರಿಂದ ನನ್ನ ಮೇಜಿಗೆ ಬರುವ ಹೊತ್ತಿಗೆ ಹಾಳೆಯಲ್ಲಿ ಪ್ರಶ್ನೆಗಿಂತ ತುರ್ತೇ ಜಾಸ್ತಿ. ನನ್ನ ಕೆಳಗೆ ಇಳಿಸಲು ಯಾರೂ ಇರಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೆ. ನಾನು ಬರೆದದ್ದು ಅದೇ ಮೆಟ್ಟಿಲುಗಳನ್ನು ಹತ್ತಿ, ಎಲ್ಲರ ಸಹಿ ಹೊತ್ತು, ಸದನದಲ್ಲಿ ‘ಮಾನ್ಯ ಸಚಿವರ ಉತ್ತರ’ವಾಗುತ್ತಿತ್ತು. ಒಮ್ಮೆ ಮಂಡಕ್ಕಿ ಕಟ್ಟಿಕೊಟ್ಟ ಪೇಪರಿನ ತುಂಡಿನಲ್ಲಿ ಮಂತ್ರಿಗಳ ಹೇಳಿಕೆ ಓದಿ, ಎಷ್ಟು ಚೆನ್ನಾಗಿ ಮಾತಾಡಿದ್ದಾರಲ್ಲ ಎಂದುಕೊಂಡೆ. ಮೂರನೇ ಸಾಲಿಗೆ ಬಂದಾಗ ಅದು ನಾನು ಆಡಿದ ಮಾತೆಂದು ತಿಳಿಯಿತು.

ಹೀಗೆ ಉತ್ತರ ಬರೆದುಕೊಂಡು ತೆಪ್ಪಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕೊಟ್ರೇಶ ಎಂಬವನು ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನು, ಆಗ ನಮ್ಮ ಶಾಸಕರ ಹಿಂದೆ ಮುಂದೆ ಓಡಾಡುತ್ತಿದ್ದ. ಒಂದು ಸಂಜೆ ನನ್ನನ್ನು ಮಿರ್ಚಿ ಅಂಗಡಿಯ ಬೆಂಚಿಗೆ ಎಳೆದುಕೊಂಡು ಹೋಗಿ ಕೂರಿಸಿದ.

‘ಲೇ ದೋಸ್ತ, ಅಧಿವೇಶನ ಬಂತು. ನಮ್ ಸಾಹೇಬ್ರು ಹೋದ ಸಲ ಒಂದ ಒಂದು ಪ್ರಶ್ನಿ ಕೇಳ್ಲಿಲ್ಲ ಅಂತ ಪೇಪರ್ನ್ಯಾಗ ಬರದುಬಿಟ್ಟಾರ. ಈ ಸಲ ನೀನ ಒಂದು ಚೊಲೋತ್ನ್ಯಾಗ ಬರಕೊಡು.’

‘ನಾನು ಸರ್ಕಾರಿ ನೌಕರಪ್ಪಾ, ನಾನು ಹೆಂಗ ಬರೀಲಿ?’

‘ಉತ್ತರ ಬರಿಯಾವ ನೀನ ಅಲ್ಲೇನು? ಎಂಥಾ ಪ್ರಶ್ನಿಗೆ ಉತ್ತರ ಬರಿಯಾಕ ತ್ರಾಸಾಗತೈತಿ ಅನ್ನಾದು ನಿನಗ ಬಿಟ್ರ ಯಾರಿಗೆ ಗೊತ್ತೈತಿ, ಹೇಳು?’

ಈ ಒಂದು ಮಾತಿಗೆ ನಾನು ಬಿದ್ದೆ. ಹೊಗಳಿಕೆಗೆ ಬೀಳುವ ವಿಷಯದಲ್ಲಿ ನಾನು ತಡಮಾಡುವವನಲ್ಲ. ಜೊತೆಗೆ ನನ್ನ ಮನಸ್ಸಿನಲ್ಲಿ ಬೀರಪ್ಪನೂ ಇದ್ದ. ಬೀರಪ್ಪ ಕುರಿ ಸಾಕುವವನು. ಅವನ ಹಳ್ಳಿಯಲ್ಲೊಂದು ಪಶು ಚಿಕಿತ್ಸಾಲಯವಿದೆ, ಬೋರ್ಡಿದೆ, ಬಾಗಿಲಿದೆ, ಡಾಕ್ಟರು ಮಾತ್ರ ಒಂದೂವರೆ ವರ್ಷದಿಂದ ಇಲ್ಲ. ಹಾಗಾಗಿ ವಾರಕ್ಕೊಮ್ಮೆಯಾದರೂ ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡು ತಾಲ್ಲೂಕಿಗೆ ಬರುತ್ತಿದ್ದ, ಬಂದವನು ನನ್ನ ಕಿಟಕಿಯ ಹತ್ತಿರ ನಿಂತು ‘ಸಾಹೇಬ್ರ, ನಮಗ ಡಾಕ್ಟರ್ ಯಾವಾಗ ಹಾಕ್ತೀರಿ?’ ಎನ್ನುತ್ತಿದ್ದ, ನಾನೇ ಹಾಕುವವನಂತೆ. ಸರಿ, ಮಿರ್ಚಿಯ ಎಣ್ಣೆ ಒರೆಸಿಕೊಂಡು ಬರೆದೆ. (ಅ) ಈ ಚಿಕಿತ್ಸಾಲಯದಲ್ಲಿ ವೈದ್ಯರಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?

ಇಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಎರಡೇ ಭಾಗದ ಪ್ರಶ್ನೆ ಎರಡು ಕಾಲಿನ ಸ್ಟೂಲಿನಂತೆ ಕಂಡಿತು. ಇಷ್ಟು ವರ್ಷ ನಾನು ನೋಡಿದ ಘನವಾದ ಪ್ರಶ್ನೆಗಳಿಗೆಲ್ಲ (ಇ) ಇರುತ್ತಿತ್ತು. ಏನು ಹಾಕಲಿ ಎಂದು ಯೋಚಿಸಿ, ಕಲಂ ಓಡಿದಂತೆ ಹೀಗೆ ಹಾಕಿದೆ: (ಇ) ಇಂಥ ಹಳ್ಳಿಗಳು ಸಿಬ್ಬಂದಿಯಿಲ್ಲದೆ ಸೊರಗುತ್ತಿರುವಾಗ, ತಾಲ್ಲೂಕು ಕೇಂದ್ರದಲ್ಲಿ ಐದು ವರ್ಷಕ್ಕೂ ಮೇಲ್ಪಟ್ಟು ಬೀಡುಬಿಟ್ಟಿರುವ ನೌಕರರು ಯಾರು? ಹೆಸರು ಸಹಿತ ವಿವರ ನೀಡುವುದು.

‘ಬೀಡುಬಿಟ್ಟಿರುವ’ ಎಂಬ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಎರಡು ಸಲ ಓದಿ ಕೊಟ್ರೇಶನಿಗೆ ಕೇಳಿಸಿದೆ. ಆ ಊರಿನಲ್ಲಿ, ಆ ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ, ನಾನು ಕೂತು ಆಗ ಹನ್ನೊಂದು ವರ್ಷವಾಗಿತ್ತು. ಅದು ನನಗೆ ನೆನಪಾಗಲಿಲ್ಲ. ಬೀಡುಬಿಟ್ಟಿರುವ ನೌಕರರೆಂದರೆ ಯಾವಾಗಲೂ ಬೇರೆಯವರೇ ಅಲ್ಲವೇ?

ಕೆಲವು ವಾರ ಕಳೆದು, ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿನವನು ಫ್ಯಾಕ್ಸ್ ಬಂದಿದೆ ಎಂದು ಉದ್ದನೆಯ ಕಾಗದ ತಂದುಕೊಟ್ಟ. (ಅ) ಓದಿದೆ, ಯಾರೋ ನಮ್ಮ ಮನಸ್ಸಿನಲ್ಲಿರುವುದನ್ನೇ ಕೇಳಿದ್ದಾರೆ ಎನಿಸಿತು. (ಆ) ಓದಿದೆ, ಇವನಾರೋ ತಿಳಿದವನು ಎನಿಸಿತು. (ಇ)ಗೆ ಬಂದೆ. ಬೆರಳು ಮಡಚಿ ನನ್ನ ವರ್ಷಗಳನ್ನು ಎಣಿಸಿದೆ, ಹನ್ನೊಂದು. ನಮ್ಮ ಕಾಂಪೌಂಡರು ಹುಸೇನ್ ಸಾಬ್ ನನ್ನ ಭುಜದ ಮೇಲಿಂದ ಬಗ್ಗಿ ಓದಿದರು. ಅವರೂ ಅಲ್ಲಿ ಒಂಬತ್ತು ವರ್ಷ ಇದ್ದವರು.

‘ಯಾವನ್ರೀ ಇವ, ಹಿಂಗ ಬರ್ದಾವ? ನಾವೇನು ದಂಡು ಕಟ್ಟಿಗೊಂಡು ಬಂದು ಬೀಡು ಬಿಟ್ಟೀವೇನು? ಇವನ ಕೈ ಸೇದಿ ಹೋಗ!’

‘ಹೋಗಲಿ ಬಿಡ್ರಿ,’ ಎಂದೆ, ನನ್ನ ಬಲಗೈಯನ್ನು ಮೇಜಿನ ಕೆಳಗಿಟ್ಟುಕೊಂಡು.

‘ಹೆಂಗ ಬಿಡಾದು? ನನ್ ಮಗಳ ಕಾಲೇಜ ಇಲ್ಲೇ ಐತಿ. ನಿಮಗೇನು ಸಿಟ್ಟ ಬರಾದಿಲ್ಲೇನು? ನಿಮ್ ಹೆಸ್ರೂ ಬರತೈತಲ್ರಿ!’

ಸಿಟ್ಟು ಬರದಿದ್ದರೆ ಅನುಮಾನ ಬರುತ್ತದೆಂದು ನಾನೂ ಒಂದೆರಡು ಬೈದೆ. ನನ್ನನ್ನು ನಾನೇ ಬೈಯುವುದು ನನಗೆ ಹೊಸದಲ್ಲ, ಆದರೆ ಅಷ್ಟು ಜನರ ಮುಂದೆ, ಅಷ್ಟು ಗಟ್ಟಿಯಾಗಿ, ಅದು ಮೊದಲು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ನಮ್ಮ ಸ್ವಂತ ಮನೆ ಆ ಊರಿನಲ್ಲೇ, ಅವಳು ಟೀಚರಾಗಿದ್ದುದೂ ಆ ಊರಿನ ಶಾಲೆಯಲ್ಲೇ. ವರ್ಗವಾದರೆ ನಾನು ಎಲ್ಲೋ, ಅವಳು ಎಲ್ಲೋ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಕೇಳಿದಳು.

‘ಹಿಂಗ ಕೇಳ್ದಾವ್ರು ಯಾರಂತ?’

‘ಶಾಸಕರು.’

‘ಅವ್ರಿಗೆ ಬರಕೊಟ್ಟಾವ್ರು?’

ನಾನು ಮೊರದಲ್ಲಿದ್ದ ಕಲ್ಲು ಹುಡುಕತೊಡಗಿದೆ.

‘ಅಂದ್ರ ನೀವಾ?’ ಎಂದಳು. ‘ನೀವ ಬರದು, ನೀವ ಉತ್ತರ ಕೊಟ್ಟು, ನೀವ ವರ್ಗಾ ಆಗಿ ಹೋಗ್ತೀರೇನ್ರಿ? ಇಷ್ಟೆಲ್ಲಾ ನೀವ ಮಾಡಿದ್ರ ಸರ್ಕಾರಕ್ಕೆ ಏನ್ ಕೆಲ್ಸ ಐತಿ?’

ಅದು ಈಗಲೂ ನನಗೆ ಸರಿಯಾಗಿ ತಿಳಿದಿಲ್ಲ.

ಮರುದಿನವೇ ಕೊಟ್ರೇಶನನ್ನು ಹಿಡಿದೆ. (ಇ)ಯನ್ನು ಹೇಗಾದರೂ ತೆಗೆಸು, ಅದೊಂದು ನನ್ನ ಕೈತಪ್ಪು ಎಂದು ಬೇಡಿಕೊಂಡೆ. ಅವನು ನನ್ನ ಬೆನ್ನು ತಟ್ಟಿದ. ‘ತಗಿಯಾದಾ? ಸಾಹೇಬ್ರಿಗೆ ಅದ ಭಾಳ ಹಿಡಿಸೈತೋ! (ಅ), (ಆ) ಎಲ್ಲಾರೂ ಕೇಳ್ತಾರ, (ಇ) ಐತಲ್ಲ ಅದು ಹೊಡತ ಅಂದ್ರು. ನಿನ್ ಹೆಸ್ರು ಹೇಳ್ಲೇನು ಅಂದೆ...’ ನಾನು ಬೆಂಚಿನಿಂದ ಎದ್ದೇಬಿಟ್ಟೆ. ‘ಹೇಳಿಲ್ಲಪಾ, ಕೂಡು,’ ಎಂದ. ಆ ‘ಹೇಳಿಲ್ಲ’ ನಿಜವೋ, ನನ್ನ ಮುಖ ನೋಡಿ ಹುಟ್ಟಿದ್ದೋ ಎಂದು ವಾರವೆಲ್ಲ ಯೋಚಿಸಿದೆ.

ಇನ್ನು ಉಳಿದದ್ದು ಉತ್ತರ. ಉತ್ತರ ನನ್ನ ಕೈಯಲ್ಲೇ ಇದೆಯಲ್ಲ, ಅದರಲ್ಲೇ ಏನಾದರೂ ಮಾಡೋಣವೆಂದು ಟೈಪ್‌ರೈಟರಿನ ಮುಂದೆ ಕೂತೆ. ಕೂತ ಮೇಲೆ ಗೊಂದಲ ಹೆಚ್ಚಾಯಿತು. (ಅ)ಕ್ಕೆ ‘ಬಂದಿದೆ’ ಎಂದು ಹೊಡೆದೆ. (ಆ)ಕ್ಕೆ ರೂಢಿಯಂತೆ ‘ಪರಿಶೀಲನೆಯಲ್ಲಿದೆ’ ಎಂದು ಹೊಡೆದು ಓದಿದಾಗ, ಪ್ರಶ್ನೆ ಬರೆದವನಿಗೆ ರೇಗಿತು. ಏನು ಪರಿಶೀಲನೆ? ಯಾರು ಮಾಡುತ್ತಿದ್ದಾರೆ? ಜನರ ಕಿವಿಗೆ ಹೂ ಇಡುತ್ತೀರಾ? ಎಂದು ಅವನು ಒಳಗಿನಿಂದ ಕೂಗಿದ. ಉತ್ತರ ಬರೆಯುವವನೂ ಬಿಡಲಿಲ್ಲ: ಕೇಳುವುದು ಸುಲಭ ಕಣಯ್ಯಾ, ಇಲ್ಲಿ ಕೂತು ನೋಡು. ನಾನು ಇಬ್ಬರಿಗೂ ಮಧ್ಯಸ್ಥಿಕೆ ಮಾಡಿ ಸುಸ್ತಾದೆ. (ಇ)ಗೆ ಬಂದಾಗ ಮಾತ್ರ ಇಬ್ಬರೂ ಒಂದಾದರು. ಚುನಾವಣೆಗೆಂದು ನನ್ನನ್ನು ಹದಿನೇಳು ದಿನ ಹಡಗಲಿಯ ಕಡೆ ಹಾಕಿದ್ದರು; ಅಲ್ಲಿಂದ ಬಂದ ದಿನದಿಂದ ಹೊಸದಾಗಿ ಲೆಕ್ಕ ಹಿಡಿದರೆ ನಾನು ಬಂದು ಎರಡೂವರೆ ವರ್ಷವಷ್ಟೇ! ಇದನ್ನು ನಮ್ಮ ಸಹಾಯಕ ನಿರ್ದೇಶಕರ ಮುಂದಿಟ್ಟೆ. ಅವರು ವಯಸ್ಸಿನಲ್ಲಿ ನನಗಿಂತ ಕಿರಿಯರು, ಒಳ್ಳೆಯ ಡಾಕ್ಟರು, ಕಾಗದಪತ್ರವೆಂದರೆ ನನ್ನಷ್ಟೇ ಹೆದರುವವರು.

‘ಹಂಗ ಬರದ್ರ ನಡೀತೈತೇನ್ರಿ?’ ಎಂದರು.

‘ನಡೀಬಹುದು ಸರ್.’

‘ಹುಸೇನ್ ಸಾಬ್ರು ಚುನಾವಣೆಗೆ ಹೋಗಿದ್ರೇನು?’

‘ಇಲ್ಲ ಸರ್, ಅವರ ಹೆಸ್ರು ಬರತೈತಿ.’

ನಾನು ಕೇಳಿದ ಪ್ರಶ್ನೆಗೆ ಅವರೊಬ್ಬರೇ ಹೋಗುವುದೇ? ಅವರ ಮಗಳ ಕಾಲೇಜು? ವಾಪಸು ಬಂದು, ಕಾರ್ಬನ್ ಇಟ್ಟು, ಕ್ರಮಸಂಖ್ಯೆ ಒಂದರಲ್ಲಿ ನನ್ನ ಹೆಸರು, ಹನ್ನೊಂದು ವರ್ಷ ಎಂದು ಹೊಡೆದೆ. ಎರಡರಲ್ಲಿ ಹುಸೇನ್ ಸಾಬ್. ಧೈರ್ಯವೆಂದು ತಿಳಿಯಬೇಡಿ. ಸುಳ್ಳು ಸಿಕ್ಕಿಬಿದ್ದರೆ ಏನಾಗುತ್ತದೆಂಬ ಚಿಂತೆ ವರ್ಗವಾದರೆ ಏನಾಗುತ್ತದೆಂಬ ಚಿಂತೆಗಿಂತ ಒಂದು ತೂಕ ಹೆಚ್ಚಾಯಿತು, ಅಷ್ಟೇ.

ಮೇಲಿನವರು ನನ್ನ ಉತ್ತರವನ್ನು ಓದಿದರು. ಅದೇ ಮೊದಲ ಸಲವಿರಬೇಕು. ಒಂದು ಕಡೆ ಸಿಬ್ಬಂದಿಯಿಲ್ಲದ ಚಿಕಿತ್ಸಾಲಯ, ಇನ್ನೊಂದು ಕಡೆ ಬೀಡುಬಿಟ್ಟಿರುವ ನೌಕರ. ಒಂದರಿಂದ ಇನ್ನೊಂದನ್ನು ತುಂಬಿದರೆ ಎರಡಕ್ಕೂ ಉತ್ತರ ಕೊಟ್ಟಂತಾಯಿತು. ಪಟ್ಟಿಯಲ್ಲಿ ಮೊದಲಿನವನನ್ನು ಬೀರಪ್ಪನ ಹಳ್ಳಿಗೆ ನಿಯೋಜಿಸಿ ಆದೇಶ ಬಂತು. ಹುಸೇನ್ ಸಾಬರು ಉಳಿದರು, ಕಣ್ಣಲ್ಲಿ ನೀರು ತಂದುಕೊಂಡು ಆ ಪ್ರಶ್ನೆ ಬರೆದವನನ್ನು ಇನ್ನೊಮ್ಮೆ ಬೈದು ನನ್ನನ್ನು ಬಸ್ಸಿಗೆ ಹತ್ತಿಸಿದರು. ನಾನು ಕೃತಜ್ಞತೆ ಹೇಳಿದೆ. ಅಲ್ಲಿ ಗುಮಾಸ್ತನ ಹುದ್ದೆಯೇ ಇಲ್ಲ, ಬರೆಯಲು ಕಾಗದವಿಲ್ಲ, ಕೇಳಲು ಅಧಿಕಾರಿಯಿಲ್ಲ. ನಾನೊಬ್ಬನೇ, ಒಂದು ಬೀಗದ ಕೈ, ಮತ್ತು ಗೋಡೆಯ ಮೇಲೆ ದನದ ಒಳಗಿನ ಅಂಗಗಳ ಒಂದು ಚಿತ್ರ. ದಿನಾ ಒಂದೂಕಾಲು ಗಂಟೆ ಬಸ್ಸಿನಲ್ಲಿ ಹೋಗಿ ಆ ಚಿತ್ರ ನೋಡಿ ಬರುತ್ತಿದ್ದೆ.

ಮೊದಲ ವಾರವೇ ಬೀರಪ್ಪ ಬಂದ. ಊರಿಗೆ ಸರ್ಕಾರ ಯಾರನ್ನೋ ಹಾಕಿದೆ ಎಂದು ಕೇಳಿ ಓಡೋಡಿ ಬಂದಿದ್ದ. ನನ್ನನ್ನು ಕಂಡು ಬಾಗಿಲಲ್ಲೇ ನಿಂತ. ‘ಡಾಕ್ಟರ್ ಕೇಳಿದ್ರ ನಿಮ್ಮನ್ನ ಕೊಟ್ಟಾರೇನ್ರಿ!’ ಎಂದ. ಆಮೇಲೆ ನನಗೆ ಬೇಜಾರಾದೀತೆಂದು, ‘ಇರ್ಲಿ ಬಿಡ್ರಿ, ಯಾರೂ ಇರ್ಲಿಲ್ಲ, ನೀವರ ಅದೀರಿ,’ ಎಂದು ಸಮಾಧಾನ ಹೇಳಿ, ಹೆಗಲ ಮೇಲಿದ್ದ ಕುರಿಯನ್ನು ನನ್ನ ಮೇಜಿನ ಮೇಲೆ ಮಲಗಿಸಿದ. ಅದರ ಹೊಟ್ಟೆ ಉಬ್ಬಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು.

‘ಏನಾಗೈತ್ರಿ ಇದಕ್ಕ?’

ನಾನು ಕುರಿಯನ್ನು ನೋಡಿದೆ, ಗೋಡೆಯ ಚಿತ್ರ ನೋಡಿದೆ. ‘ನಾಳೆ ಬಾರಪ್ಪ,’ ಎಂದೆ.

‘ನಾನೇನೋ ಬರ್ತೀನ್ರಿ ಸಾಹೇಬ್ರ,’ ಎಂದ ಬೀರಪ್ಪ. ‘ಇದು ಬರಬೇಕಲ್ರಿ?’

ಚಿಕಿತ್ಸಾಲಯಕ್ಕೆ ಬೀಗ ಹಾಕಿ, ಹಾಕಿದ್ದನ್ನು ಎರಡು ಸಲ ಜಗ್ಗಿ ನೋಡಿ, ಅವನು ಮುಂಗಾಲು ಹಿಡಿದ, ನಾನು ಹಿಂಗಾಲು ಹಿಡಿದೆ. ತಾಲ್ಲೂಕಿನ ಕಡೆ ಹೊರಟಿದ್ದ ಟೆಂಪೋ ಸಿಕ್ಕಿತು. ದಾರಿಯುದ್ದಕ್ಕೂ ಅದರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇನ್ನೂ ಉಸಿರಿದೆಯೇ ಎಂದು ಬೀರಪ್ಪನನ್ನು ನಾನೇ ಕೇಳುತ್ತಿದ್ದೆ. ನಮ್ಮ ಸಹಾಯಕ ನಿರ್ದೇಶಕರು ಅಂಗಿಯ ತೋಳು ಮಡಚಿ, ಹೊಟ್ಟೆಗೆ ಸೂಜಿ ಚುಚ್ಚಿ ಗಾಳಿ ತೆಗೆದರು. ಸ್ವಲ್ಪ ಹೊತ್ತಿಗೆ ಕುರಿ ಎದ್ದು ನಿಂತಿತು. ಬೀರಪ್ಪ ಅವರ ಕಾಲಿಗೆ ಬಿದ್ದ. ಅವರು ಕೈ ತೊಳೆಯುತ್ತ ನನ್ನನ್ನು ನೋಡಿದರು.

‘ಅಲ್ರೀ, ಡ್ಯೂಟಿ ಟೈಮಿನ್ಯಾಗ ಇಲ್ಲಿಗೆ ಬಂದೀರಲ್ಲ, ಅಲ್ಲಿ ಯಾರದಾರ?’

‘ಯಾರೂ ಇಲ್ಲ ಸರ್.’

‘ಹಂಗಂತ ಬರದು ಕೊಡ್ರಿ. ನಾಳೆ ಯಾರರ ಕೇಳಿದ್ರ ನನ್ ಹತ್ರ ಕಾಗದ ಇರಬೇಕು.’

ಹೊರಗಿನ ಬೆಂಚಿನ ಮೇಲೆ ಕುಳಿತು ಬರೆದೆ. ಈ ಚಿಕಿತ್ಸಾಲಯದಲ್ಲಿ ವೈದ್ಯರಿಲ್ಲ, ಇರುವ ನನಗೆ ಏನೂ ಗೊತ್ತಿಲ್ಲ, ಕುರಿ ಸಾಯುತ್ತಿತ್ತು, ಆದ್ದರಿಂದ ಬೀಗ ಹಾಕಿ ಬಂದೆ. ನಾಲ್ಕು ಸಾಲು. ಎಲ್ಲೂ ಅಡ್ಡಾದಿಡ್ಡಿ ಇಲ್ಲ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅಷ್ಟು ನೇರವಾಗಿ ನಾನು ಏನನ್ನೂ ಬರೆದಿರಲಿಲ್ಲ. ಓದಿಕೊಂಡಾಗ ಎದೆ ಸ್ವಲ್ಪ ಉಬ್ಬಿತು.

ಅವರು ಓದಿ ಕಾಗದ ವಾಪಸು ಚಾಚಿದರು. ‘ಹಿಂಗ ಬರೀಬ್ಯಾಡ್ರಿ ಮಾರಾಯ್ರ, ಇದು ಮ್ಯಾಲಕ ಹೋಗತೈತಿ. ನಿಮಗ ಗೊತ್ತಲ್ಲ, ಒಂದೀಟು ತಿದ್ದಿ ತರ್ರಿ.’

ತಿದ್ದಿ ಕೊಟ್ಟೆ. ಹೇಳಿಕೊಳ್ಳಬಾರದು, ಬಹಳ ಚೆನ್ನಾಗಿಯೇ ತಿದ್ದಿದೆ.