ಜ್ವರ ಆರದಂತೆ ರಾಮನಗರಕ್ಕೆ

ಗುರುವಾರ ಬೆಳಗ್ಗೆ ಮುನಿಕೃಷ್ಣನಿಗೆ ಜ್ವರ ಬಂತು. ಕಂಕುಳಿನಿಂದ ಥರ್ಮಾಮೀಟರ್ ತೆಗೆದು ನೋಡಿದವನು ಲಾಟರಿ ಹೊಡೆದವನಂತೆ ಹೆಂಡತಿಯನ್ನು ಕೂಗಿದ.

"ಜ್ಯೋತಿ, ನೂರಾ ಎರಡೈತೆ ಕಣೇ."

"ಸದ್ಯ, ದೇವ್ರು ಕಣ್ ಬುಟ್ಟ," ಎಂದು ಜ್ಯೋತಿಲಕ್ಷ್ಮಿ ಕೈಮುಗಿದಳು.

ಗಂಡನಿಗೆ ಜ್ವರ ಬಂತೆಂದು ಕೈಮುಗಿಯುವ ಹೆಂಡತಿ ಕೆಂಗಲ್ ಸುತ್ತಮುತ್ತ ಇನ್ನೊಬ್ಬಳು ಇರಲಾರಳು. ಆದರೆ ಅವಳ ಕಷ್ಟ ಅವಳಿಗೇ ಗೊತ್ತು. ಚಿಕ್ಕಂದಿನಿಂದಲೂ ಮುನಿಕೃಷ್ಣನಿಗೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಜ್ವರ ಬರುತ್ತಿತ್ತು. ಹೊಟ್ಟೆನೋವು, ಕೀಲುನೋವುಗಳನ್ನೂ ಜೊತೆಗೆ ಕರೆತಂದು, ಎರಡು ಮೂರು ದಿನ ಇದ್ದು, ಹೇಳದೆ ಕೇಳದೆ ಹೊರಟುಹೋಗುತ್ತಿತ್ತು. ಆಸ್ಪತ್ರೆ ಮೆಟ್ಟಿಲು ಹತ್ತುವಷ್ಟರಲ್ಲಿ ಮೈ ತಣ್ಣಗಾಗಿ, ಯಾವ ರಿಪೋರ್ಟಿನಲ್ಲೂ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಚನ್ನಪಟ್ಟಣದ ಪಾತ್ರೆ ಅಂಗಡಿಯಲ್ಲಿ ಅವನಿಗೆ ಕಳ್ಳಜ್ವರದವನೆಂಬ ಹೆಸರು ನಿಂತುಹೋಗಿತ್ತು. ಅಂಗಡಿ ಮುನಿಶಾಮಯ್ಯನವರದು. ಅವರು ಅವನ ತಾಯಿಯ ಅಣ್ಣ, ಜ್ಯೋತಿಯ ಅಪ್ಪ. ಅಂದರೆ ಸೋದರಮಾವ, ಹೆಣ್ಣು ಕೊಟ್ಟ ಮಾವ, ಸಂಬಳ ಕೊಡುವ ಧಣಿ, ಮೂವರೂ ಒಬ್ಬರೇ, ವಾಸವೂ ಒಂದೇ ಮನೆಯಲ್ಲಿ. ಒಬ್ಬರ ಹತ್ತಿರ ಬೈಸಿಕೊಂಡು ಇನ್ನೊಬ್ಬರಿಗೆ ದೂರು ಹೇಳುವ ಅನುಕೂಲವೂ ಆ ಬಡಪಾಯಿಗೆ ಇರಲಿಲ್ಲ.

ರಾಮನಗರದ ಒಂದು ಆಸ್ಪತ್ರೆಗೆ ತಿಂಗಳಿಗೊಂದು ಗುರುವಾರ ಬರುವ ಡಾಕ್ಟರ್ ಸುಮನಾ ಮಾತ್ರ ಅವನನ್ನು ನಂಬಿದ್ದರು. "ಇದು ಮನೆತನದಲ್ಲಿ ಹರಿದು ಬರೋ ಜ್ವರ ಇರಬಹುದು. ಜ್ವರ ಏರಿದಾಗ ರಕ್ತದಲ್ಲಿ ಒಂದು ಎನ್‌ಜೈಮ್ ಕೂಡ ಏರುತ್ತಾ ನೋಡ್ಬೇಕು. ಮೈ ಸುಡ್ತಿರುವಾಗಲೇ ಬನ್ನಿ. ಅದೇ ಕಾಯಿಲೆ ಆದ್ರೆ ಮಾತ್ರೆ ಇದೆ," ಎಂದಿದ್ದರು. ಅಂದಿನಿಂದ ಜ್ವರ ಸೋಮವಾರ ಬಂತು, ಶನಿವಾರ ಬಂತು, ಡಾಕ್ಟರು ಬರುವ ಗುರುವಾರ ಮಾತ್ರ ಬರಲಿಲ್ಲ. ಈಗ ಬಂದಿತ್ತು. ಮಾತ್ರೆಗಿಂತ ಹೆಚ್ಚಾಗಿ ಮುನಿಕೃಷ್ಣನಿಗೆ ಬೇಕಿದ್ದದ್ದು ಒಂದೇ. ಮಾವ ಒಂದೇ ಒಂದು ಸಲ, ಪಾಪ, ನಿನಗೆ ನಿಜವಾಗಿಯೂ ಜ್ವರ ಅನ್ನಬೇಕು.

ಸುದ್ದಿ ಕೇಳಿ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಒದ್ದೆ ಬಟ್ಟೆ ಹಿಡಿದು ಓಡಿಬಂದರು.

"ತಣ್ಣೀರ್ ಪಟ್ಟಿ ಬ್ಯಾಡ ಕಣಕ್ಕ, ಜ್ವರ ಇಳಿದೋಯ್ತದೆ," ಎಂದು ಮುನಿಕೃಷ್ಣ ಹಣೆ ಮುಚ್ಚಿಕೊಂಡ.

"ಇಳೀಲಿ ಅಂತಲೇ ಕಣಪ್ಪ ಹಾಕೋದು."

ಅವರಿಂದ ತಪ್ಪಿಸಿಕೊಂಡು, ಸ್ವೆಟರ್ ಮೇಲೆ ಕಂಬಳಿ ಹೊದ್ದು ಬೀದಿಗೆ ಬಂದರೆ, ರಸೂಲನ ಆಟೋದಲ್ಲಿ ಡ್ರೈವರ್ ಪಕ್ಕ ಮಾವ ಆಗಲೇ ಕೂತಿದ್ದರು. ಹಿಂದಿನ ರಾತ್ರಿಯಿಂದ ಅವರು ಕೋಪದಲ್ಲಿದ್ದರು. ಮುನಿಶಾಮಯ್ಯನವರ ಕೋಪವೆಂದರೆ ಮುಖ ಕೆಂಪು, ಊಟ ಬೇಡ, ಮಾತಾಡಿಸಿದರೆ ಬೈಗುಳ. ಹತ್ತಿರ ಸುಳಿಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ನಿಮ್ಮವ್ವ ನನ್ನ ತಂಗಿ ಕಣ್ಲಾ. ಮನೆತನದ ಜ್ವರ ಅಂದ್ರೆ ನಮ್ಮನೆ ರಕ್ತ ಕೆಟ್ಟೈತೆ ಅಂತ ತಾನೆ? ನನ್ನ ರಕ್ತಾನೂ ತೆಗೀಲಿ. ಏನೂ ಇಲ್ಲ ಅಂದ್ರೆ ಇನ್ಮೇಲೆ ನನ್ನ ಅಂಗ್ಡೀಲಿ ಜ್ವರದ ಮಾತೇ ಎತ್ತಂಗಿಲ್ಲ."

ಜ್ಯೋತಿ ಅಂಗಡಿ ಬಾಗಿಲು ತೆಗೆಯಲು ಚನ್ನಪಟ್ಟಣದ ಬಸ್ಸು ಹತ್ತಿದಳು. ಅತ್ತೆ ಮುನಿರತ್ನಮ್ಮ ಅಳಿಯನ ಪಕ್ಕ ಕೂತರು.

"ರಸೂಲಣ್ಣ, ಒಸಿ ಟಾರ್ಪಾಲ್ ಇಳಿಸು. ಗಾಳಿಗೆ ಜ್ವರ ಆರೋಯ್ತದೆ," ಎಂದ ಮುನಿಕೃಷ್ಣ.

"ಆರೋಕೆ ಅದೇನು ಮುದ್ದೆನಾ?" ಎಂದ ರಸೂಲ್. ಆದರೂ ಒಳ್ಳೆಯ ಮನುಷ್ಯ, ಇಳಿಸಿದ.

ದಾರಿಯಲ್ಲಿ ಅತ್ತೆ ಆಟೋ ನಿಲ್ಲಿಸಿ, ಇಳಿದು ಹೋಗಿ, ತಾವೇ ಟೀ ತಂದುಕೊಟ್ಟರು. ಬಿಸಿ ಟೀ ಜ್ವರಕ್ಕೆ ಆಸರೆಯಾದೀತೆಂದು ಮುನಿಕೃಷ್ಣ ಒಂದೇ ಗುಟುಕಿಗೆ ಕುಡಿದ. ಸ್ವಲ್ಪ ಕಹಿಯಾಗಿತ್ತು. ಜ್ವರದ ಬಾಯಿಗೆ ಎಲ್ಲವೂ ಕಹಿಯೇ ಎಂದು ಖುಷಿಪಟ್ಟ.

ಆಸ್ಪತ್ರೆಯ ಸಾಲು ಆಮೆಯಂತೆ ತೆವಳುತ್ತಿತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆರಿಸಿ ಎಂದದ್ದಕ್ಕೆ ಸಾಲಿನವರೆಲ್ಲ ಸೇರಿ ಬೈದರು. ಸರದಿ ಹತ್ತಿರ ಬರುವ ಹೊತ್ತಿಗೆ ಅವನ ಕತ್ತಿನಲ್ಲಿ ಬೆವರು ಒಡೆಯಿತು. ಕಂಬಳಿ ಬಿಗಿಯಾಗಿ ಎಳೆದುಕೊಂಡ. ಉಸಿರು ಬಿಗಿಹಿಡಿದ. ಯಾವುದೂ ನಡೆಯಲಿಲ್ಲ.

"ತೊಂಬತ್ತೆಂಟು ಪಾಯಿಂಟ್ ನಾಲ್ಕು," ಎಂದಳು ನರ್ಸ್.

ಡಾಕ್ಟರ್ ಸುಮನಾ ಹುಬ್ಬುಗಂಟಿಕ್ಕಿದರು. "ಜ್ವರದ ಮಾತ್ರೆ ಏನಾದ್ರೂ ತಗೊಂಡ್ರಾ?"

"ನಮ್ಮವ್ವನಾಣೆ ಇಲ್ಲ ಮೇಡಂ."

"ತಾನಾಗೇ ಇಷ್ಟು ಬೇಗ ಇಳಿದ್ರೆ ಇದು ಆ ಜ್ವರ ಇರಲಾರದು. ಇವತ್ತು ರಕ್ತ ತೆಗೆಯೋದು ಬೇಡ. ಮುಂದಿನ ತಿಂಗಳು ನೋಡೋಣ."

ಮುನಿರತ್ನಮ್ಮ ತಲೆಯೆತ್ತಿ ಫ್ಯಾನು ನೋಡತೊಡಗಿದರು. ಮುನಿಶಾಮಯ್ಯನವರು ಗೆದ್ದ ಗತ್ತಿನಲ್ಲಿ ತೋಳು ಮಡಿಸಿ ಕೂತು, "ಈಗ ನಂದು ತೆಗೀರಿ. ನಮ್ಮನೆ ರಕ್ತ ಹೆಂಗೈತೆ ನೋಡಿ," ಎಂದರು.

ನರ್ಸ್ ಪದ್ಧತಿಯಂತೆ ಥರ್ಮಾಮೀಟರ್ ಇಟ್ಟಳು. ತೆಗೆದು ನೋಡಿದಳು, ಒರೆಸಿ ಮತ್ತೆ ಇಟ್ಟಳು. "ಮೇಡಂ, ನೂರಾ ಎರಡೂವರೆ."

"ಬಿಸಿಲು," ಎಂದರು ಮಾವ.

"ಬಿಸಿಲಲ್ಲ ತಾಯಿ, ಅದು ಇವ್ರ ಕೋಪ," ಎಂದು ಮುನಿರತ್ನಮ್ಮ ಬಾಯಿಬಿಟ್ಟರು. "ಮದ್ವೆ ಆದಾಗ್ನಿಂದ್ಲೂ ತಿಂಗ್ಳಿಗೊಂದ್ ಸಲ ಬತ್ತದೆ. ಮೂರ್ ದಿನ ಹೊಟ್ಟೆ ಹಿಡ್ಕೊಂಡು, ಮಂಡಿ ಹಿಡ್ಕೊಂಡು, ಎಲ್ರನ್ನೂ ಬಯ್ಕೊಂಡು ಮಲಗಿರ್ತಾರೆ. ಆಮ್ಯಾಕೆ ಸರೋಯ್ತಾರೆ. ಮುಟ್ಟಿ ನೋಡೋ ಧೈರ್ಯ ಯಾರಿಗೈತೆ?"

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ರಕ್ತ ಹೋಯಿತು. ಮಧ್ಯಾಹ್ನ ರಿಪೋರ್ಟ್ ಬಂತು. ಎನ್‌ಜೈಮ್ ಏರಿತ್ತು. "ಇದೊಂದರಿಂದಲೇ ಹೇಳೋಕಾಗಲ್ಲ, ಇನ್ನೂ ಪರೀಕ್ಷೆಗಳಿವೆ. ಆದ್ರೆ ಇಷ್ಟು ವರ್ಷದ ಕಥೆ ಕೇಳಿದ್ರೆ ಅದೇ ಕಾಯಿಲೆ ಅನ್ಸುತ್ತೆ. ಮಾತ್ರೆ ಶುರು ಮಾಡೋಣ. ಮುಂದಿನ ತಿಂಗಳು ತಪ್ಪದೆ ಬನ್ನಿ," ಎಂದರು.

ಮುನಿಶಾಮಯ್ಯನವರ ಕಣ್ಣಲ್ಲಿ ನೀರಾಡಿತು. "ನಾನು ಕೆಟ್ಟೋನಲ್ಲ ಕಣೇ ರತ್ನ. ನಂಗೆ ಜ್ವರ."

ಮುನಿರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮುನಿಕೃಷ್ಣನ ಕಣ್ಣೂ ಒದ್ದೆಯಾಯಿತು. "ಹಂಗಾದ್ರೆ ಮಾವ, ನಂಗೂ ಅದೇ..."

"ನಿಂದು ತೊಂಬತ್ತೆಂಟು ಪಾಯಿಂಟ್ ನಾಲ್ಕು. ನಾನೇ ಕೇಳಿಸ್ಕೊಂಡಿವ್ನಿ. ನಡಿ ಅಂಗ್ಡಿಗೆ."

ಆಟೋ ಹತ್ತುವಾಗ ಅತ್ತೆ ಅವನ ಕಿವಿಯಲ್ಲಿ ಹೇಳಿದರು. "ನೀನು ನಡುಗೋದ ನೋಡಕ್ಕಾಗ್ನಿಲ್ಲ ಕಣಪ್ಪ. ಟೀನಲ್ಲಿ ಒಂದು ಜ್ವರದ ಮಾತ್ರೆ ಕರಗಿಸ್ಬುಟ್ಟೆ."

"ಡಾಕ್ಟ್ರು ಕೇಳ್ದಾಗ ಹೇಳಬಾರ್ದಾಗಿತ್ತಾ ಅತ್ತೆ?"

"ನೀನು ಅವ್ವನಾಣೆ ಇಟ್ಬುಟ್ಟಿದ್ದಲ್ಲ. ಸುಳ್ಳಾಣೆ ಆಗ್ಬಾರ್ದು ಅಂತ ಸುಮ್ಕಾದೆ."

ಸಂಜೆ ಅಂಗಡಿಯಲ್ಲಿ ಮದುವೆಯ ಕೊಪ್ಪರಿಗೆ ಇಳಿಸುತ್ತಿದ್ದಾಗ ಮಾತ್ರೆಯ ಪ್ರಭಾವ ಇಳಿದು ಜ್ವರ ಏರಿತು. ಜ್ಯೋತಿ ಬಾಗಿಲೆಳೆದು, ಅವನನ್ನು ಹಿಡಿದುಕೊಂಡು ಮನೆಗೆ ಬಂದಳು. ನಡುಮನೆಯಲ್ಲಿ ಮಾವ ದಿಂಬಿಗೊರಗಿ ಕೂತಿದ್ದರು. ಸುತ್ತ ಕೇರಿಯೇ ನೆರೆದಿತ್ತು. ವೆಂಕಟಲಕ್ಷ್ಮಮ್ಮ ಮೂಸಂಬಿ ಸುಲಿದು ಕೊಡುತ್ತಿದ್ದರು.

"ಅಪ್ಪ, ಇವ್ರಿಗೆ ನೂರಾ ಮೂರೈತೆ. ಮುಂದಿನ್ ತಿಂಗ್ಳು ಡಾಕ್ಟ್ರ ಹತ್ರ ಕರ್ಕೊಂಡೋಗ್ತೀನಿ," ಎಂದಳು ಜ್ಯೋತಿ.

"ಅವತ್ತು ನಾನು ಹೋಗ್ಬೇಕಲ್ಲ. ನೀನೂ ನಿಮ್ಮವ್ವನೂ ನನ್ನ ಜೊತೆ ಇರ್ಬೇಕು. ಅಂಗ್ಡಿ ಅವನೇ ನೋಡ್ಕೋಬೇಕು."

ಮೂಲೆಯಲ್ಲಿ ಮುದುರಿ ಕೂತು ನಡುಗುತ್ತಿದ್ದ ಅಳಿಯನನ್ನು ಮುನಿಶಾಮಯ್ಯನವರು ಒಂದು ಕ್ಷಣ ನೋಡಿದರು. ಆಮೇಲೆ ಮೂಸಂಬಿ ತೊಳೆ ಬಾಯಿಗೆ ಹಾಕಿಕೊಂಡು, ನೆರೆದವರ ಕಡೆ ತಿರುಗಿದರು.

"ನೋಡಿದ್ರಾ? ನಂಗೆ ಬಂದು ಇನ್ನೂ ಒಂದ್ ದಿನ ಆಗ್ನಿಲ್ಲ, ಆಗ್ಲೇ ಕಾಪಿ ಹೊಡೆದವ್ನೆ."