ಡೊಲೋರೆಸ್ ನಿಲ್ದಾಣದಲ್ಲಿ ರೈಲು ನಿಂತದ್ದು

ಪೆನ್ಸಿಲ್ವೇನಿಯಾದ ಹಾಲೋ ಗ್ಯಾಪ್ ಎಂಬ ಊರಿನಲ್ಲಿ ವೆಂಡೆಲ್ ಕ್ರೂಪಾ ಎಂಬ ಮಹಾಪುರುಷ ಕಾಲವನ್ನೇ ಕಟ್ಟಿಹಾಕಿದ್ದ. ಅವನ ಮನೆಯ ನೆಲಮಾಳಿಗೆಯಲ್ಲಿ ಸದಾ 1951ರ ಅಕ್ಟೋಬರ್ ತಿಂಗಳ ಮಧ್ಯಾಹ್ನ. ಬೆರಳೆತ್ತರದ ಮೇಪಲ್ ಮರಗಳ ಎಲೆ ಅಲ್ಲಿ ಕೆಂಪಾಗಿರುತ್ತದೆ, ಉದುರುವುದಿಲ್ಲ. ಅಂಗೈ ಉದ್ದದ ಉಗಿಬಂಡಿಗಳು ಬುಸುಗುಡುತ್ತ ಬೆಟ್ಟ ಹತ್ತುತ್ತವೆ, ಒಂದು ಕ್ಷಣವೂ ತಡವಾಗುವುದಿಲ್ಲ. ಊರ ಚರ್ಚಿನ ಗಂಟೆ ಹೊಡೆಯುವುದೇ ಈ ರೈಲುಗಳನ್ನು ನೋಡಿಕೊಂಡು ಎಂದು ಪ್ರತೀತಿ. ಕೆಳಗಿಳಿದವನಿಗೆ ಅಲ್ಲಿರುವಷ್ಟು ಹೊತ್ತು ವಯಸ್ಸಾಗುವುದಿಲ್ಲ ಎಂದೂ ಹೇಳುತ್ತಿದ್ದರು. (ಆಗಬೇಕಾದ ವಯಸ್ಸೆಲ್ಲ ಮೆಟ್ಟಿಲು ಹತ್ತುವಾಗ ಮಂಡಿಗೆ ಬಂದು ಸೇರುತ್ತಿತ್ತು.)

ಆ ಸಾಮ್ರಾಜ್ಯಕ್ಕೆ ಒಂದೇ ಕಾನೂನು. 1951ರ ಅಕ್ಟೋಬರಿನಲ್ಲಿ ಆ ಮಾರ್ಗದಲ್ಲಿ ಇಲ್ಲದ್ದು ಯಾವುದೂ ಒಳಗೆ ಬರಕೂಡದು. ಮಾದರಿ ರೈಲು ಕ್ಲಬ್ಬಿನ ಅಧ್ಯಕ್ಷ ಲೆಸ್ಟರ್ ಹಾರ್ನಕ್ ಒಮ್ಮೆ ಪ್ರೀತಿಯಿಂದ ಒಂದು ಸರಕು ಡಬ್ಬಿ ತಂದುಕೊಟ್ಟಿದ್ದ. ವೆಂಡೆಲ್ ಕನ್ನಡಕ ಏರಿಸಿ, "ಇದರ ಮೇಲಿನ ಅಕ್ಷರ ಎರಡು ವರ್ಷ ಆಮೇಲಿಂದು ಕಣಯ್ಯಾ" ಎಂದು ಎಲ್ಲರ ಎದುರೇ ವಾಪಸು ಕೊಟ್ಟ. ಅಂದಿನಿಂದ ಲೆಸ್ಟರ್, ಇವನು ಎಲ್ಲಿ ಜಾರಿ ಬೀಳುತ್ತಾನೆಂದು ಕಾದು ಕುಳಿತಿದ್ದ.

ಸಾಮ್ರಾಜ್ಯಕ್ಕೆ ಒಂದೇ ಕೊರಗು. ಅದು ಒಂದು ಗೋಡೆ. ಗೋಡೆಯಾಚೆ ಹೆಂಡತಿ ಡೊಲೋರೆಸ್‌ಳ ಬಟ್ಟೆ ಒಗೆಯುವ ಕೋಣೆ, ಅದರಾಚೆ ಹಳೆಯ ಕಲ್ಲಿದ್ದಲು ಕೋಣೆ. ಅಲ್ಲಿ ವೆಂಡೆಲ್ ಒಂದು ಇಡೀ ಪಟ್ಟಣವನ್ನೇ ಕಟ್ಟಿದ್ದ. ಪಾಪ, ಆ ಪಟ್ಟಣ ಇನ್ನೂ ರೈಲನ್ನೇ ಕಂಡಿರಲಿಲ್ಲ. ಬೆಟ್ಟ ಹತ್ತಿ ಏದುಸಿರು ಬಿಡುತ್ತ ಬಂದ ಬಂಡಿಗಳು ಗೋಡೆಗೆ ಮೂತಿ ತಾಗಿಸಿ ಹಿಂದಕ್ಕೆ ಹೋಗುತ್ತಿದ್ದವು.

ಒಂದು ಸಂಜೆ ಅವನು ಅಡುಗೆಮನೆಗೆ ನಿಯೋಗ ಹೋದ.

"ಡೊಲೋರೆಸ್, 1869ರಲ್ಲಿ ಯೂಟಾ ಮರಳುಗಾಡಲ್ಲಿ ಪೂರ್ವದ ಹಳಿ, ಪಶ್ಚಿಮದ ಹಳಿ ಕೂಡಿದಾಗ..."

"ಚಿನ್ನದ ಮೊಳೆ ಹೊಡೆದ್ರು. ದೊಡ್ಡಮನುಷ್ಯ ಸುತ್ತಿಗೆ ಬೀಸಿದ, ಗುರಿ ತಪ್ತು. ನಾನು ಪಿಯೆರೋಗಿ ಕಡುಬು ಬಡಿಸಿದಾಗೆಲ್ಲ ನೀನು ಅದನ್ನೇ ಬಡಿಸ್ತೀಯ. ಗೋಡೆ ಒಡೀಬೇಕು, ಅಷ್ಟೇ ತಾನೇ?"

"ಸಣ್ಣ ತೂತು. ನಿನ್ನ ಮಿಷಿನ್ ಮೇಲೆ ಒಂದು ಹಲಗೆ. ದೇಶದ ಏಳಿಗೆಗೆ ಜನ ಎಷ್ಟೆಲ್ಲ ಜಾಗ ಬಿಟ್ಟುಕೊಟ್ಟಿದ್ದಾರೆ ಗೊತ್ತಾ?"

"ಗೊತ್ತು. ಜಾಗ ಕೊಟ್ಟ ಊರಿಗೆ ಕಂಪನಿಯವರು ಸ್ಟೇಷನ್ ಕೊಟ್ಟಿದ್ದೂ ಗೊತ್ತು. ನಂಗೂ ಒಂದು ಸ್ಟೇಷನ್ ಬೇಕು. 'ಡೊಲೋರೆಸ್' ಅಂತ ಬೋರ್ಡು. ಎಲ್ಲಾ ಪ್ಯಾಸೆಂಜರ್ ಗಾಡಿಗಳೂ ನಿಲ್ಲಬೇಕು."

ವೆಂಡೆಲ್ ಮುಖ ಬಿಳುಚಿಕೊಂಡಿತು. "ಆ ಲೈನಲ್ಲಿ ಅಂಥ ಸ್ಟೇಷನ್ನೇ ಇರ್ಲಿಲ್ಲ ಕಣೇ! ಲೆಸ್ಟರ್ ನೋಡಿದ್ರೆ ನಾನು ಕ್ಲಬ್ಬಲ್ಲಿ ತಲೆ ಎತ್ತೋ ಹಾಗಿಲ್ಲ."

"ಹಂಗಾದ್ರೆ ಗೋಡೆನೂ ಬೀಳೋ ಹಾಗಿಲ್ಲ. ಉಪ್ಪು ಕೊಡು."

ಗೋಡೆ ಬಿತ್ತು. ಹಲಗೆಯ ಮೇಲೆ ಹಸಿರು ಸೂರಿನ, ಅಂದವಾದ ಪುಟ್ಟ ನಿಲ್ದಾಣವೂ ಎದ್ದಿತು. ಆದರೆ ವೆಂಡೆಲ್ ಅದಕ್ಕೆ ಅಂಟು ಹಾಕಿರಲಿಲ್ಲ. ಉದ್ಘಾಟನೆಯ ದಿನ ಕ್ಲಬ್ಬಿನವರು ಬರುವ ಹೊತ್ತಿಗೆ ಅದನ್ನು ಮೆಲ್ಲಗೆ ಎತ್ತಿ ಸೋಪಿನ ಪುಡಿಯ ಡಬ್ಬದಲ್ಲಿ ಬಚ್ಚಿಟ್ಟ.

ಇಡೀ ಕ್ಲಬ್ಬು ನೆಲಮಾಳಿಗೆಗೆ ಇಳಿಯಿತು. ಲೆಸ್ಟರ್ ಭೂತಗನ್ನಡಿ ತಂದಿದ್ದ. ಅವನ ಹೆಂಡತಿ ಬೆರ್ನಿಸ್ ಸೇಬಿನ ಕೇಕು ತಂದಿದ್ದಳು. ಬೆರ್ನಿಸ್‌ಳೂ ಚರ್ಚಿನ ಉಳಿದ ಹೆಂಗಸರೂ ತಿಳಿದಂತೆ ಡೊಲೋರೆಸ್‌ಗೆ ಐವತ್ತೊಂಬತ್ತು ವರ್ಷ. ಆ ಐವತ್ತೊಂಬತ್ತು ಬಹುಕಾಲದಿಂದ ಅಲ್ಲೇ ನಿಂತಿತ್ತು. ಆ ಮನೆಯಲ್ಲಿ ಕಾಲವನ್ನು ಕಟ್ಟಿಹಾಕುವ ವಿದ್ಯೆ ಗಂಡನೊಬ್ಬನಿಗೇ ಒಲಿದಿರಲಿಲ್ಲ.

ವೆಂಡೆಲ್ ಬಂಗಾರದ ಬಣ್ಣ ಬಳಿದ ಗುಂಡುಪಿನ್ನನ್ನು ಹಳಿಗೆ ಚುಚ್ಚಿದ. ಚಪ್ಪಾಳೆ ಬಿತ್ತು. ಉಗಿಬಂಡಿ ಸಿಳ್ಳೆ ಹಾಕಿ ಗೋಡೆಯ ಸುರಂಗ ಹೊಕ್ಕಿತು. ಜನರೆಲ್ಲ ಕಲ್ಲಿದ್ದಲು ಕೋಣೆಗೆ ಓಡಿ ಕಾದರು. ರೈಲು ಬರಲಿಲ್ಲ.

ಒಗೆಯುವ ಕೋಣೆಗೆ ನುಗ್ಗಿ ನೋಡಿದರೆ ಹಳಿಯ ಮೇಲೆ ಅಡ್ಡಲಾಗಿ ಒಂದು ನೀಲಿ ಟವೆಲು. ಅದಕ್ಕೆ ಮುಖ ಕೊಟ್ಟು ಬಂಡಿ ನಿಂತಿತ್ತು. ಪಕ್ಕದಲ್ಲಿ ಡೊಲೋರೆಸ್ ಏನೂ ಅರಿಯದವಳಂತೆ ಕಾಲುಚೀಲ ಜೋಡಿಸುತ್ತಿದ್ದಳು.

ವೆಂಡೆಲ್ ಟವೆಲಿಗೆ ಕೈ ಹಾಕಿದ.

"ಮುಟ್ಟಬೇಡ!" ಲೆಸ್ಟರ್ ಗುಡುಗಿದ. "ನೀಲಿ!"

ಅಲ್ಲಿದ್ದವರೆಲ್ಲ ಟೋಪಿ ತೆಗೆದರು. ಅಮೆರಿಕದ ರೈಲ್ವೆಯಲ್ಲಿ ಅದಕ್ಕಿಂತ ಪವಿತ್ರವಾದ ನಿಯಮವಿಲ್ಲ. ಬಂಡಿಯ ಕೆಳಗೆ ಕೆಲಸಕ್ಕೆ ಇಳಿಯುವವರು ನೀಲಿ ಬಾವುಟ ನೆಡುತ್ತಾರೆ. ನೆಟ್ಟವರೇ ಅದನ್ನು ಕೀಳಬೇಕು. ಕಂಪನಿಯ ಅಧ್ಯಕ್ಷನೇ ಬಂದು ಗೋಗರೆದರೂ ಬೇರೊಬ್ಬರು ಮುಟ್ಟುವಂತಿಲ್ಲ, ಬಂಡಿ ಕದಲುವಂತಿಲ್ಲ.

"ಇದನ್ನ ಯಾರು ಹೇಳಿಕೊಟ್ರು ನಿಂಗೆ?" ಎಂದ ವೆಂಡೆಲ್ ದೀನನಾಗಿ.

"ನೀನೇ. ಮದುವೆಯಾದ ಮೊದಲನೇ ವಾರ. ನನ್ನ ಸ್ಟೇಷನ್ ಎಲ್ಲಿ?"

ಸೋಪಿನ ಡಬ್ಬದಿಂದ ನಿಲ್ದಾಣ ಹೊರಬಂತು. ವೆಂಡೆಲ್ ಅದರ ಸೂರಿನ ಪುಡಿಯನ್ನು ಊದಿ, ಹಳಿಯ ಪಕ್ಕದಲ್ಲಿಟ್ಟ. ಡೊಲೋರೆಸ್ ನಗುತ್ತ ಟವೆಲು ಎತ್ತಿಕೊಂಡಳು. ಕತೆ ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಲೆಸ್ಟರ್ ಭೂತಗನ್ನಡಿ ಹಿಡಿದು ಬೋರ್ಡನ್ನು ಜೋರಾಗಿ ಓದಿದ. ವರ್ಷಗಳಿಂದ ಕಾದ ಸುಖ ಅವನ ಮೀಸೆಯಲ್ಲಿ ಕುಣಿಯುತ್ತಿತ್ತು. "ಏನಯ್ಯಾ ವೆಂಡೆಲ್, 1951ರ ಅಕ್ಟೋಬರಲ್ಲಿ ಈ ಲೈನಲ್ಲಿ ಡೊಲೋರೆಸ್ ಅಂತ ಒಂದು ಇತ್ತಾ? ಎದೆ ಮುಟ್ಟಿಕೊಂಡು ಹೇಳು."

ವೆಂಡೆಲ್‌ನ ಕೀರ್ತಿ ಒಂದೆಳೆ ದಾರದಲ್ಲಿ ತೂಗುತ್ತಿತ್ತು. ಒಮ್ಮೆಗೇ ಅವನ ಮುಖದಲ್ಲಿ ಪೆಟ್ರೋಮ್ಯಾಕ್ಸ್ ಹೊತ್ತಿಕೊಂಡಿತು.

"ಇತ್ತು!" ಎಂದು ಅವನು ಗರ್ಜಿಸಿದ. "ಇದೇ ಲೈನು, ಇದೇ ಊರು, ಅದೇ ತಿಂಗಳು! ಡೊಲೋರೆಸ್ ಹುಟ್ಟಿದ್ದೇ 1951ರ ಅಕ್ಟೋಬರಲ್ಲಿ! ಬೇಕಾದ್ರೆ ಚರ್ಚಲ್ಲಿ ಹೆಸರಿಟ್ಟ ದಾಖಲೆ ತೆಗೆಸಿ ನೋಡು!"

ಲೆಸ್ಟರ್ ಭೂತಗನ್ನಡಿಯನ್ನು ಜೇಬಿಗಿಳಿಸಿದ. ಇತಿಹಾಸ ಗೆದ್ದಿತ್ತು. ಗಂಡಸರೆಲ್ಲ ಹೋ ಎಂದು ಕೂಗಿ ವೆಂಡೆಲ್‌ನ ಬೆನ್ನು ಗುದ್ದಿದರು. ಆ ಗದ್ದಲದ ನಡುವೆ ಬೆರ್ನಿಸ್ ಮಾತ್ರ ಕೇಕಿನ ತಟ್ಟೆ ಹಿಡಿದುಕೊಂಡೇ ಬೆರಳು ಮಡಿಸಿ ಎಣಿಸುತ್ತಿದ್ದಳು. ಎಣಿಸಿ ಮುಗಿದ ಮೇಲೆ, "ಅಯ್ಯೋ ಡೊಲೋರೆಸ್," ಎಂದಳು ಜೇನು ಸುರಿಯುವ ದನಿಯಲ್ಲಿ, "ನೀನು ನಂಗಿಂತ ದೊಡ್ಡೋಳೇನೇ? ಇಷ್ಟು ದಿನ ನಿನ್ನ ಹೆಸರು ಹಿಡಿದು ಕೂಗಿಬಿಟ್ಟೆನಲ್ಲ!"

ಡೊಲೋರೆಸ್ ಟವೆಲನ್ನು ಕೊಡವಿ, ನಾಲ್ಕು ಮೂಲೆಯನ್ನೂ ಎಳೆದು, ಹಳಿಯ ಮೇಲೆ ಸುಕ್ಕಿಲ್ಲದಂತೆ ಹಾಸಿದಳು. ಆಮೇಲೆ ಬೆರ್ನಿಸ್‌ಳ ಕೈಯಿಂದ ಕೇಕು ಕಿತ್ತುಕೊಂಡು ಮೆಟ್ಟಿಲು ಹತ್ತಿ ಮೇಲೆ ಹೋದಳು.

ಎಂದೂ ತಡವಾಗದ ರೈಲು ಡೊಲೋರೆಸ್ ನಿಲ್ದಾಣದಲ್ಲಿ ಹೊಗೆಯಾಡುತ್ತ ನಿಂತೇ ಇತ್ತು. ಕೊನೆಗೆ ಲೆಸ್ಟರನೇ ಕೆಮ್ಮಿ ಕೇಳಿದ:

"ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತಪ್ಪಾ?"

ಇತಿಹಾಸವನ್ನು ಗೆದ್ದ ವೀರ ಒಗೆಯುವ ಮಿಷಿನ್ನಿಗೆ ಒರಗಿ ಕುಳಿತ.

"ಟವೆಲ್ ಅವಳದ್ದು, ಲೆಸ್ಟರ್."